ಕಾರ್ ಆಯಿಲ್ ಮನೇಲೇ ಚೇಂಜ್ ಮಾಡ್ಕೊಂಡ್ರೆ ಲಾಭ ಇದ್ಯಾ, ಇಲ್ಲ ಸುಮ್ನೆ ಗ್ಯಾರೇಜಿಗೆ ಕೊಡೋದೇ ವಾಸಿನಾ?

ಕತ್ರಿಗುಪ್ಪೆ_ಸ್ವಿಫ್ಟ್:

ಎಲ್ರಿಗೂ ನಮಸ್ಕಾರ. ನಂದು 2016ರ ಸ್ವಿಫ್ಟು, ಪೆಟ್ರೋಲು, ಎಪ್ಪತ್ತು ಸಾವಿರ ಕಿಮೀ ದಾಟಿದೆ, ವಾರಂಟಿ ಮುಗ್ದು ಯಾವ್ದೋ ಕಾಲ ಆಯ್ತು. ವರ್ಷದ ಸರ್ವೀಸ್ ಬಂತಲ್ಲ ಅಂತ ಫೋನ್ ಮಾಡಿದ್ರೆ ವಾಟ್ಸಾಪಲ್ಲಿ 7,800 ರೂಪಾಯಿ ಎಸ್ಟಿಮೇಟ್ ಕಳ್ಸಿದಾರೆ. ಏನಪ್ಪಾ ಇದು ಅಂತ ಬಿಡಿಸಿ ನೋಡಿದ್ರೆ ಆಯಿಲು, ಫಿಲ್ಟರು, ಲೇಬರ್ರು ಸರಿ, ಅದ್ರ ಜೊತೆ ಎಂಜಿನ್ ಫ್ಲಶ್ಶು, ಥ್ರಾಟಲ್ ಬಾಡಿ ಕ್ಲೀನಿಂಗು, ಎಸಿ ಡಿಸಿನ್ಫೆಕ್ಷನ್ನು, ಅಂಡರ್‌ಬಾಡಿ ಕೋಟಿಂಗು, ಅಲೈನ್‌ಮೆಂಟು ಬ್ಯಾಲೆನ್ಸಿಂಗು, ಕೊನೆಗೆ ಕನ್ಸ್ಯೂಮಬಲ್ಸ್ ಅಂತ ಇನ್ನೊಂದ್ ಮುನ್ನೂರು ಚಿಲ್ರೆ. ಕೇಳಿದ್ರೆ "ಎಲ್ಲಾ ರೆಕಮೆಂಡೆಡ್ ಸರ್" ಅಂತಾರೆ.

ಆಫೀಸಲ್ಲಿ ಒಬ್ಬ ಫ್ರೆಂಡು ಇದಾನೆ, ಅವನು ಇದೆಲ್ಲ ಯಾಕೋ, ಯೂಟ್ಯೂಬ್ ನೋಡ್ಕೊಂಡು ನೀನೇ ಮಾಡ್ಕೋ, ಕೆಳಗಿನ ಬೋಲ್ಟ್ ಬಿಚ್ಚು, ಸುರಿ, ಫಿಲ್ಟರ್ ಚೇಂಜ್ ಮಾಡು, ಮೇಲಿಂದ ಹೊಸದು ಹುಯ್ಯಿ, ಅರ್ಧ ಗಂಟೆ ಕೆಲ್ಸ ಅಂತಾನೆ. ಮಾವನವರು ಕಾರಿನ ಕೆಳಗೆ ಮಲಗೋ ವಿಷ್ಯ ಕಿವಿಗೆ ಬಿದ್ದಿದ್ದೇ ತಡ ಬೇಡವೇ ಬೇಡ ಅಂದ್ರು. ಬಾಡಿಗೆ ಮನೆ, ಪಾರ್ಕಿಂಗ್ ಇದೆ ಆದ್ರೆ ರೋಡ್ ಕಡೆಗೆ ಸ್ವಲ್ಪ ಇಳಿಜಾರು, ಪಕ್ಕದಲ್ಲೇ ಓನರ್ ಸ್ಕೂಟರ್ ನಿಲ್ಸ್ತಾರೆ. ಟೂಲ್ಸ್ ಅಂತ ಏನೂ ಇಲ್ಲ, ಕಾರ್ ಜೊತೆ ಬಂದಿರೋ ಜ್ಯಾಕ್ ಒಂದಿದೆ ಅಷ್ಟೇ.

ನಿಜವಾಗ್ಲೂ ಎಷ್ಟು ಉಳಿಯುತ್ತೆ, ರಿಸ್ಕ್ ಏನು, ಆ ಹಳೆ ಆಯಿಲ್ ಎಲ್ಲಿ ಹಾಕೋದು, ಮಾಡಿ ಅನುಭವ ಇರೋರು ದಯವಿಟ್ಟು ಹೇಳಿ.


ಟೂಲ್‌ಬಾಕ್ಸ್_ಮೈಸೂರು:

ಗುರೂ ನಾನು ನನ್ನ ಕಾರಿಂದು, ತಮ್ಮನ ಕಾರಿಂದು ಎರಡೂ ಮನೇಲೇ ಮಾಡ್ತೀನಿ, ಆದ್ರೂ ನಿಮಗೆ ಕಣ್ಮುಚ್ಕೊಂಡು ಮಾಡಿ ಅಂತ ಹೇಳಲ್ಲ, ಯಾಕೆ ಅಂತ ಕೆಳಗೆ ಬರ್ತೀನಿ.

ಮೊದಲು ದುಡ್ಡು. ನಿಮ್ಮ 1.2 ಕೆ-ಸೀರೀಸ್ ಎಂಜಿನ್ನಿಗೆ ಫಿಲ್ಟರ್ ಸೇರಿ 3.1 ಲೀಟರ್ ಆಯಿಲ್ ಹಿಡಿಯುತ್ತೆ. ಒಳ್ಳೆ ಕಂಪನಿ ಸಿಂಥೆಟಿಕ್ ಮೂರೂವರೆ ಲೀಟರ್ ಡಬ್ಬ ಆಫರ್ ಮೇಲೆ ಸುಮಾರು ಎರಡು ಸಾವಿರದ ಆಸುಪಾಸು, ಫಿಲ್ಟರ್ ನೂರು ನೂರೈವತ್ತು, ಡ್ರೈನ್ ಬೋಲ್ಟಿನ ವಾಷರ್ ಇಪ್ಪತ್ತೋ ಮೂವತ್ತೋ. ಅಂದ್ರೆ ಸಾಮಾನು ಎಲ್ಲಾ ಸೇರಿ ಎರಡೂಕಾಲು ಸಾವಿರ ಅನ್ಕೊಳಿ. 7,800 ಪಕ್ಕ ಇಟ್ಟು ನೋಡಿದ್ರೆ ಭಾರಿ ಉಳಿತಾಯ ಅನ್ಸುತ್ತೆ ಅಲ್ವಾ, ಆದ್ರೆ ಅದು ಮೋಸದ ಲೆಕ್ಕ, ಯಾಕಂದ್ರೆ ಮನೇಲಿ ಮಾಡಿದ್ರೆ ನೀವು ಥ್ರಾಟಲ್ ಕ್ಲೀನಿಂಗೂ ಮಾಡಲ್ಲ ಅಲೈನ್‌ಮೆಂಟೂ ಮಾಡಲ್ಲ. ಆಯಿಲ್ ಚೇಂಜಿಗೆ ಆಯಿಲ್ ಚೇಂಜನ್ನೇ ಹೋಲಿಸಬೇಕು. ಲೋಕಲ್ ಗ್ಯಾರೇಜಲ್ಲಿ ಬರೀ ಆಯಿಲ್ ಫಿಲ್ಟರ್ ಹಾಕೋಕೆ ಮುನ್ನೂರರಿಂದ ಐನೂರು ಕೂಲಿ. ನಿಮಗೆ ನಿಜವಾಗಿ ಉಳಿಯೋದು ಅಷ್ಟೇ, ವರ್ಷಕ್ಕೊಂದ್ ಸಲ.

ಅದಕ್ಕೆ ಬಂಡವಾಳ ಎಷ್ಟು ನೋಡಿ. ಜ್ಯಾಕ್ ಸ್ಟ್ಯಾಂಡ್ ಒಂದ್ ಜೊತೆ, ಟ್ರಾಲಿ ಜ್ಯಾಕ್, ಬೋಲ್ಟಿಗೆ ಸರಿಯಾಗಿ ಕೂರೋ ರಿಂಗ್ ಪಾನ ಅಥವಾ ಸಾಕೆಟ್, ಫಿಲ್ಟರ್ ಬಿಚ್ಚೋ ರೆಂಚು, ಟಾರ್ಕ್ ರೆಂಚು, ಅಗಲ ಬಾಯಿನ ಟ್ರೇ, ಫನಲ್ಲು, ಗ್ಲೌಸು. ಸುಮಾರಾಗಿರೋದೇ ತಗೊಂಡ್ರೂ ಏಳೆಂಟು ಸಾವಿರಕ್ಕೆ ಕಮ್ಮಿ ಇಲ್ಲ. ವರ್ಷಕ್ಕೆ ನಾನೂರು ಉಳಿಸೋಕೆ ಎಂಟು ಸಾವಿರ ಹಾಕಿ ಅದನ್ನ ವಾಪಸ್ ಎತ್ತೋ ಹೊತ್ತಿಗೆ ಕಾರೇ ಮಾರಿರ್ತೀರ. ನಾನ್ ಮಾಡೋದು ಆ ಕೆಲ್ಸ ಇಷ್ಟ ಅಂತ, ದುಡ್ಡಿಗಲ್ಲ.

ಈಗ ಮುಖ್ಯವಾದ್ದು. ಕಾರ್ ಜೊತೆ ಬರೋ ಕತ್ರಿ ಜ್ಯಾಕ್ ಟಯರ್ ಬಿಚ್ಚೋಕೆ ಮಾತ್ರ. ಅದರ ಮೇಲೆ ನಿಂತಿರೋ ಕಾರಿನ ಕೆಳಗೆ ತಲೆ ಅಲ್ಲ, ಕೈ ಕೂಡ ಹಾಕ್ಬೇಡಿ. ಇಟ್ಟಿಗೆ, ಹಾಲೋ ಬ್ಲಾಕ್ ಇಟ್ರೆ ಆಗುತ್ತೆ ಅಂತ ಯಾರಾದ್ರೂ ಹೇಳಿದ್ರೆ ಕೇಳ್ಬೇಡಿ, ಹಾಲೋ ಬ್ಲಾಕ್ ಯಾವ ಸೂಚನೆನೂ ಕೊಡದೆ ಒಡೆದು ಕೂತ್ಕೊಳುತ್ತೆ. ನಿಮ್ ಪಾರ್ಕಿಂಗ್ ಇಳಿಜಾರು ಅಂತ ಬರ್ದಿದೀರ, ನನ್ನ ಪ್ರಕಾರ ಕಥೆ ಅಲ್ಲಿಗೇ ಮುಗೀತು. ಸಮತಟ್ಟಾದ ಗಟ್ಟಿ ನೆಲ ಇಲ್ಲದೆ ಈ ಕೆಲ್ಸಕ್ಕೆ ಇಳೀಬಾರ್ದು. ನಿಮ್ಮ ಮಾವನವರು ಸರಿಯಾಗೇ ಹೇಳಿದಾರೆ.

ಜಾಗ ಇರೋರಿಗೆ ಒಂದೆರಡು ಮಾತು. ಎಂಜಿನ್ ಐದು ನಿಮಿಷ ಓಡಿಸಿ ಆಫ್ ಮಾಡಿ, ಬೆಚ್ಚಗಿದ್ರೆ ಎಣ್ಣೆ ಸಲೀಸಾಗಿ ಇಳಿಯುತ್ತೆ, ಕುದಿಯೋ ಹಾಗಿದ್ರೆ ಕೈ ಸುಡುತ್ತೆ. ಮೇಲಿನ ಫಿಲ್ಲರ್ ಕ್ಯಾಪ್ ಮೊದಲೇ ಬಿಚ್ಚಿಟ್ಕೊಳಿ. ಹಳೆ ಫಿಲ್ಟರ್ ಬಿಚ್ಚಿದ್ಮೇಲೆ ಅದರ ರಬ್ಬರ್ ರಿಂಗ್ ಫಿಲ್ಟರ್ ಜೊತೇಲೇ ಬಂತಾ ನೋಡಿ. ಕೆಲವೊಮ್ಮೆ ಎಂಜಿನ್ನಿಗೇ ಅಂಟ್ಕೊಂಡಿರುತ್ತೆ, ಅದರ ಮೇಲೆ ಹೊಸ ಫಿಲ್ಟರ್ ಕೂರಿಸಿದ್ರೆ ಎರಡು ರಬ್ಬರ್ ಒಂದರ ಮೇಲೊಂದು ಕೂತು, ಸ್ಟಾರ್ಟ್ ಮಾಡಿ ಪ್ರೆಷರ್ ಬಂದ ತಕ್ಷಣ ಆಯಿಲ್ ಅಷ್ಟೂ ಹೊರಗೆ ಚಿಮ್ಮುತ್ತೆ. ಹೊಸ ಫಿಲ್ಟರಿನ ರಬ್ಬರಿಗೆ ಸ್ವಲ್ಪ ಹೊಸ ಆಯಿಲ್ ಸವರಿ, ಕೈಯಲ್ಲಿ ತಿರುಗಿಸ್ತಾ ಹೋಗಿ ರಬ್ಬರ್ ತಾಗಿದ ಮೇಲೆ ಮುಕ್ಕಾಲು ಸುತ್ತು, ಅಷ್ಟೇ ಸಾಕು. ಡ್ರೈನ್ ಬೋಲ್ಟ್ ಟೈಟು 35 ನ್ಯೂಟನ್ ಮೀಟರ್, ಇದು ನೀವು ಅನ್ಕೊಂಡಿದ್ದಕ್ಕಿಂತ ತುಂಬಾ ಕಮ್ಮಿ. ಉದ್ದ ಹಿಡಿ ಇರೋ ಪಾನ ಹಾಕಿ ಉಸಿರು ಕಟ್ಟಿ ಎಳೆದ್ರೆ ಚೇಂಬರಿನ (ಎಂಜಿನ್ ಕೆಳಗೆ ಆಯಿಲ್ ನಿಲ್ಲೋ ತಟ್ಟೆ) ತ್ರೆಡ್ಡೇ ಹೋಗುತ್ತೆ, ಆಮೇಲೆ ಉಳಿಸಿದ ನಾನೂರಕ್ಕೆ ಚೇಂಬರ್ ಬರಲ್ಲ.


ಗೇರ್_ನ್ಯೂಟ್ರಲ್:

ಅಷ್ಟೆಲ್ಲ ಓದಿ ಸುಸ್ತಾಯ್ತು ಮಗಾ. ಗ್ಯಾರೇಜಿಗೆ ಕೊಟ್ಟು ಪಕ್ಕದ ದರ್ಶಿನೀಲಿ ಒಂದ್ ಮಸಾಲೆ ದೋಸೆ ತಿಂದು ಬನ್ನಿ, ಅಷ್ಟೊತ್ತಿಗೆ ಆಗಿರುತ್ತೆ.


ಹಳೇ_ಅಡ್ವೈಸರ್:

ಮೇಲಿನವರಿಗೆ: ದೋಸೆ ತಿನ್ನೋಕೆ ಹೋಗೋದೇ ತಪ್ಪು ಸರ್, ಗ್ಯಾರೇಜಲ್ಲಿ ಕಾರ್ ಬಿಟ್ಟು ಹೋದ್ರೆ ಒಳಗೆ ಏನಾಯ್ತು ಅಂತ ನಿಮಗೆ ಗೊತ್ತಾಗೋದು ಬಿಲ್ ನೋಡಿ ಮಾತ್ರ.

ನಾನು ಸರ್ವೀಸ್ ಸೆಂಟರಲ್ಲಿ ಕೆಲವು ವರ್ಷ ಅಡ್ವೈಸರ್ ಆಗಿದ್ದೆ, ಯಾವ ಕಂಪನಿ ಅಂತ ಬೇಡ, ಈಗ ಶಿವಮೊಗ್ಗದಲ್ಲಿ ಬೇರೆ ಕೆಲ್ಸ. ಆ ಎಸ್ಟಿಮೇಟಿನ ಒಳಗುಟ್ಟು ಹೇಳ್ತೀನಿ. ಆಯಿಲು, ಫಿಲ್ಟರು, ಏರ್ ಫಿಲ್ಟರು ಇವಕ್ಕೆಲ್ಲ ರೇಟ್ ಫಿಕ್ಸು, ಅದರಲ್ಲಿ ಆಟ ಆಡೋಕೆ ಜಾಗ ಕಮ್ಮಿ. ಅಡ್ವೈಸರಿಗೆ ತಿಂಗಳ ಟಾರ್ಗೆಟ್ ಅಂತ ಇರೋದು ವ್ಯಾಲ್ಯೂ ಆಡೆಡ್ ಸರ್ವೀಸಿಗೆ. ಎಂಜಿನ್ ಫ್ಲಶ್, ಎಸಿ ಡಿಸಿನ್ಫೆಕ್ಷನ್, ಅಂಡರ್‌ಬಾಡಿ ಕೋಟಿಂಗ್, ಇಂಟೀರಿಯರ್ ಕ್ಲೀನಿಂಗ್, ಇವು ಆ ಗುಂಪು. ನಿಮ್ಮ ಓನರ್ಸ್ ಮ್ಯಾನುಯಲ್ ಹಿಂದಿನ ಪುಟಗಳಲ್ಲಿ ಇಷ್ಟು ಕಿಮೀಗೆ ಇದು ಅಂತ ಟೇಬಲ್ ಇರುತ್ತೆ, ಅದನ್ನ ಫೋಟೋ ಹೊಡ್ಕೊಂಡು ಹೋಗಿ, "ಇದರಲ್ಲಿ ಇರೋದು ಮಾತ್ರ ಮಾಡಿ, ಜಾಬ್ ಕಾರ್ಡಲ್ಲಿ ಬೇರೆ ಏನೂ ಬರೀಬೇಡಿ" ಅನ್ನಿ. ಅವರು ಬೇಡ ಅನ್ನೋ ಹಾಗಿಲ್ಲ, ಜಾಬ್ ಕಾರ್ಡಿಗೆ ನಿಮ್ಮ ಒಪ್ಪಿಗೆ ಬೇಕೇ ಬೇಕು. ನಿಮ್ಮ 7,800 ನಾಲ್ಕೂವರೆ ಐದರ ಹತ್ರ ಬಂದು ನಿಂತ್ಕೊಳುತ್ತೆ ನೋಡಿ.

ಎಂಜಿನ್ ಫ್ಲಶ್ ಬಗ್ಗೆ ಸ್ಪೆಷಲ್ಲಾಗಿ ಹೇಳ್ಬೇಕು. ಟೈಮಿಗೆ ಸರಿಯಾಗಿ ಆಯಿಲ್ ಚೇಂಜ್ ಆಗಿರೋ ಗಾಡಿಗೆ ಅದು ಬೇಕಿಲ್ಲ. ಹೊಸ ಆಯಿಲಲ್ಲೇ ಡಿಟರ್ಜೆಂಟ್ ಇರುತ್ತೆ, ಕ್ಲೀನಿಂಗ್ ಕೆಲ್ಸ ಅದೇ ದಿನಾ ಮಾಡ್ತಿರುತ್ತೆ.

ಆದ್ರೆ ಸರ್ವೀಸ್ ಸೆಂಟರ್ ಪೂರ್ತಿ ವೇಸ್ಟ್ ಅಂತ ಮಾತ್ರ ಹೇಳಲ್ಲ. ಲಿಫ್ಟ್ ಮೇಲೆ ಗಾಡಿ ಎತ್ತಿದಾಗ ಆಯಿಲ್ ಇಳಿಯೋ ಆ ಹತ್ತು ನಿಮಿಷದಲ್ಲಿ ಅನುಭವ ಇರೋ ಹುಡುಗ ಒಬ್ಬ ಕೆಳಗೆ ನಿಂತು ನೋಡ್ತಾನಲ್ಲ, ಡ್ರೈವ್ ಶಾಫ್ಟಿನ ರಬ್ಬರ್ ಬೂಟ್ ಹರಿದಿದ್ಯಾ, ಲೋವರ್ ಆರ್ಮ್ ಬುಷ್ ಹೋಗಿದ್ಯಾ, ಬ್ರೇಕ್ ಪ್ಯಾಡ್ ಎಷ್ಟು ಉಳಿದಿದೆ, ಸೈಲೆನ್ಸರ್ ತುಕ್ಕು, ಅದಕ್ಕೆ ಬೆಲೆ ಇದೆ. ಬೂಟ್ ಹರಿದಾಗ ಹಿಡಿದ್ರೆ ಕೆಲವು ನೂರಲ್ಲಿ ಮುಗಿಯುತ್ತೆ, ಬಿಟ್ರೆ ಗ್ರೀಸೆಲ್ಲ ಹೋಗಿ ಮಣ್ಣು ತುಂಬಿ ಇಡೀ ಜಾಯಿಂಟೇ ಹೋಗುತ್ತೆ, ಆಗ ಸಾವಿರದ ಮಾತು. ಮನೇಲಿ ಮಾಡೋರು ಆಯಿಲ್ ಮಾತ್ರ ನೋಡ್ತಾರೆ, ಇದನ್ನ ನೋಡಲ್ಲ, ನೋಡಿದ್ರೂ ಏನು ನೋಡ್ಬೇಕು ಅಂತ ಗೊತ್ತಿರಲ್ಲ.

ನನ್ನ ಸಲಹೆ ಕೇಳಿದ್ರೆ: ಆಯಿಲ್, ಫಿಲ್ಟರ್, ವಾಷರ್ ನೀವೇ ತಗೊಳಿ, ಲಿಫ್ಟ್ ಅಥವಾ ಪಿಟ್ ಇರೋ ಲೋಕಲ್ ಗ್ಯಾರೇಜಿಗೆ ಹೋಗಿ, ಕೂಲಿ ಕೊಟ್ಟು, ಪಕ್ಕದಲ್ಲೇ ನಿಂತು ಮಾಡ್ಸಿ. ಡಬ್ಬದ ಸೀಲ್ ನಿಮ್ಮ ಮುಂದೇ ಒಡೀಲಿ. ಖಾಲಿ ಡಬ್ಬ ಅಲ್ಲಿ ಬಿಡ್ಬೇಡಿ, ಬಿಡೋದಾದ್ರೂ ಸ್ಕ್ರೂಡ್ರೈವರಲ್ಲಿ ತೂತು ಮಾಡಿ ಬಿಡಿ. ಒರಿಜಿನಲ್ ಡಬ್ಬಕ್ಕೆ ಡೂಪ್ಲಿಕೇಟ್ ಆಯಿಲ್ ತುಂಬಿಸಿ ಮಾರೋ ದಂಧೆ ಇರೋದೇ ಈ ಖಾಲಿ ಡಬ್ಬಗಳಿಂದ. ಬೆಂಗಳೂರಿನ ಸ್ಪೇರ್ ಪಾರ್ಟ್ಸ್ ಬೀದಿ ಜೆ.ಸಿ. ರೋಡಲ್ಲಿ ತಗೊಳೋದಾದ್ರೂ ಅಷ್ಟೇ, ಬಿಲ್ ಕೊಡೋ ಅಂಗಡೀಲಿ ತಗೊಳಿ, ಫಿಲ್ಟರಲ್ಲೂ ಡೂಪ್ಲಿಕೇಟ್ ಬೇಜಾನ್ ಇದೆ, ಹೊರಗಿಂದ ನೋಡಿದ್ರೆ ಗೊತ್ತೇ ಆಗಲ್ಲ, ಒಳಗಿನ ಕಾಗದ ಮತ್ತೆ ವಾಲ್ವಲ್ಲಿ ಇರುತ್ತೆ ವ್ಯತ್ಯಾಸ.


ನವಲಗುಂದ_ಬೊಲೆರೊ:

ಅಲ್ರೀ ಇಷ್ಟ್ ಸಣ್ಣ ಕೆಲಸಕ್ಕ ಇಷ್ಟ್ಯಾಕ ವಿಚಾರ ಮಾಡಾಕತ್ತೀರಿ. ನಮ್ಮ ಕಡೆ ಟ್ರ್ಯಾಕ್ಟರ್ ಇದ್ದ ಮಂದಿ ಎಲ್ಲಾ ಮನ್ಯಾಗ ಆಯಿಲ್ ಬದ್ಲಿ ಮಾಡ್ತಾರ, ಟ್ರ್ಯಾಕ್ಟರ್ ಕೆಳಗ ಜ್ಯಾಕ್ ಬ್ಯಾಡ ಏನ್ ಬ್ಯಾಡ, ಬುಟ್ಟಿ ಇಟ್ಟು ಬೋಲ್ಟ್ ಬಿಚ್ಚೂದಷ್ಟ. ನನ್ನ ಬೊಲೆರೊನೂ ಎತ್ತರ ಐತಿ, ಹಂಗ ಕೆಳಗ ಹೊಕ್ಕು ಮಾಡ್ತೀನಿ. ಸ್ವಿಫ್ಟ್ ತಗ್ಗ ಗಾಡಿ, ಅದಕ್ಕ ನಿಮಗ ತ್ರಾಸು.

ಆದ್ರ ಒಂದ್ ಮಾತ್ ಹೇಳ್ತೀನಿ, ಇಲ್ಲಿ ಯಾರೂ ಹೇಳಿಲ್ಲ. ಟ್ರ್ಯಾಕ್ಟರಿಗೆ ನಾವು ಕಿಲೋಮೀಟರ್ ನೋಡಂಗಿಲ್ಲ, ತಾಸು ನೋಡ್ತೀವಿ, ಮೀಟರ್‌ನ್ಯಾಗ ತಾಸು ಬರ್ತೈತಿ. ಭಾಳ ಟ್ರ್ಯಾಕ್ಟರಿಗೆ 250 ತಾಸಿಗೊಮ್ಮೆ ಆಯಿಲ್ ಬದ್ಲಿ. ನೀವು ಬೆಂಗಳೂರಾಗ ಸಿಗ್ನಲ್‌ನ್ಯಾಗ ನಿಂತಾಗ ಕಿಲೋಮೀಟರ್ ಓಡಂಗಿಲ್ಲ ಖರೆ, ಎಂಜಿನ್ ಓಡ್ತಿರ್ತೈತಿ, ಎಣ್ಣಿ ಕಾಯ್ತಿರ್ತೈತಿ. ಲೆಕ್ಕ ಹಾಕ್ರಿ, ತಾಸಿಗೆ 20 ಕಿಲೋಮೀಟರ್ ಹಂಗ ಹೋದ್ರ 10,000 ಕಿಲೋಮೀಟರ್ ಅಂದ್ರ 500 ತಾಸು. ನಾನು ಹೈವೇದಾಗ 60ರ ಲೆಕ್ಕದಾಗ ಹೋದ್ರ ಅಷ್ಟ ದೂರಕ್ಕ 170 ತಾಸೂ ಆಗಂಗಿಲ್ಲ. ಇಬ್ಬರ ಆಯಿಲೂ ಒಂದ ಹೆಂಗ ಆಗ್ತೈತಿ? ಯಾರ್ ಬದ್ಲಿ ಮಾಡ್ತಾರ ಅನ್ನೂದಕಿಂತ ಯಾವಾಗ ಬದ್ಲಿ ಮಾಡ್ತಾರ ಅನ್ನೂದ ದೊಡ್ಡದು ನೋಡ್ರಿ.

ಹಳೆ ಎಣ್ಣಿ ಬಗ್ಗೆ ಚಿಂತಿ ಬ್ಯಾಡ, ನಮ್ಮಲ್ಲಿ ಬೇಲಿ ಗೂಟಕ್ಕ, ಚೌಕಟ್ಟಿಗೆ ಹಚ್ತೀವಿ, ಗೆದ್ದಲಿ ಹತ್ತಂಗಿಲ್ಲ. ಉಳಿದದ್ದು ಸೆಂಟ್ರಿಂಗ್ ಮಂದಿ ಹಲಗಿಗೆ ಹಚ್ಚಾಕ ಒಯ್ತಾರ.


ಟೂಲ್‌ಬಾಕ್ಸ್_ಮೈಸೂರು:

ನವಲಗುಂದದವರೇ, ತಾಸಿನ ಲೆಕ್ಕ ಸೂಪರ್. ಮ್ಯಾನುಯಲಲ್ಲೂ ಇದಕ್ಕೇ ಬೇರೆ ಟೇಬಲ್ ಕೊಟ್ಟಿರ್ತಾರೆ, ಧೂಳು, ಸಣ್ಣ ಸಣ್ಣ ದೂರದ ಓಡಾಟ, ಜಾಸ್ತಿ ಐಡಲಿಂಗ್ ಇದ್ರೆ ಬೇಗ ಚೇಂಜ್ ಮಾಡಿ ಅಂತ. ಯಾರೂ ಓದಲ್ಲ. ಬೆಂಗಳೂರಿನ ಸಿಟಿ ಓಡಾಟ ಆ ಟೇಬಲ್ಲಿಗೇ ಸೇರಿದ್ದು ಅಂತ ನನ್ನ ಲೆಕ್ಕ. ಕೆ-ಸೀರೀಸಲ್ಲಿ ಟೈಮಿಂಗ್ ಬೆಲ್ಟ್ ಅಲ್ಲ ಚೈನು, ಆ ಚೈನನ್ನ ಬಿಗಿಯಾಗಿ ಹಿಡಿಯೋ ಟೆನ್ಷನರ್ ಬದುಕಿರೋದೇ ಆಯಿಲ್ ಮೇಲೆ.

ಒಂದೇ ಒಂದು ವಿನಂತಿ, ಟ್ರ್ಯಾಕ್ಟರಿಗೆ ತಂದ 15ಡಬ್ಲ್ಯೂ-40 (ಆಯಿಲ್ ಎಷ್ಟು ಗಟ್ಟಿ ಅನ್ನೋ ಗ್ರೇಡು) ಡೀಸೆಲ್ ಆಯಿಲ್ ಉಳಿದಿದೆ ಅಂತ ಯಾರೂ ಪೆಟ್ರೋಲ್ ಕಾರಿಗೆ ಹಾಕ್ಬೇಡಿ. ಹಾಗೇ ಕಾರಿನ ಆಯಿಲ್ ಉಳಿದ್ರೆ ಬೈಕಿಗೂ ಹಾಕ್ಬೇಡಿ, ಬೈಕಿನ ಕ್ಲಚ್ ಅದೇ ಆಯಿಲಲ್ಲಿ ಮುಳುಗಿರುತ್ತೆ, ಕಾರಿನ ಆಯಿಲಿನ ಜಾರಿಕೆಗೆ ಕ್ಲಚ್ ಸ್ಲಿಪ್ ಆಗುತ್ತೆ. ಬೈಕಿಗೆ ಜಾಸೋ ಎಂಎ ಅಂತ ಡಬ್ಬದ ಮೇಲೆ ಬರೆದಿರಬೇಕು.


ಬಾವಿಕಟ್ಟೆ_ಉಡುಪಿ:

ಮಾರಾಯ್ರೆ, ಆ ಗೂಟಕ್ಕೆ ಹಚ್ಚುವ ವಿಷಯ ಓದಿ ಸುಮ್ಮನೆ ಇರ್ಲಿಕ್ಕೆ ಆಗ್ಲಿಲ್ಲ. ನಮ್ಮಲ್ಲಿ ಸಹ ಹಿಂದಿನವರು ಹಾಗೇ ಮಾಡ್ತಿದ್ರು, ಆದ್ರೆ ನಮ್ಮ ಊರಿನ ಮಣ್ಣು ಮುರಕಲ್ಲು, ತೂತು ತೂತು, ಮೇಲೆ ಚೆಲ್ಲಿದ್ದು ಒಂದು ಮಳೆಗಾಲದಲ್ಲಿ ಬಾವಿಗೆ ಇಳೀತದೆ. ಪಕ್ಕದ ಒಂದು ಮನೆಯವರು ವರ್ಕ್‌ಶಾಪಿನ ಹಳೆ ಎಣ್ಣೆ ಹಿತ್ತಿಲಲ್ಲಿ ಗುಂಡಿ ತೆಗೆದು ಹೊಯ್ತಿದ್ರು, ಈಗ ಅವರ ಬಾವಿ ನೀರಿನ ಮೇಲೆ ಬಣ್ಣದ ಪೊರೆ ಉಂಟು, ಕುಡೀಲಿಕ್ಕೆ ಪಂಚಾಯತ್ ನೀರು. ಓಡಿಸಿದ ಎಂಜಿನ್ ಎಣ್ಣೆಯಲ್ಲಿ ಲೋಹದ ಅಂಶ ಇರ್ತದೆ, ಸುಟ್ಟ ಇಂಧನದಿಂದ ಬಂದ ಕ್ಯಾನ್ಸರ್‌ಕಾರಕ ಸಹ ಇರ್ತದೆ. ಅದಕ್ಕೇ ಗ್ಲೌಸ್ ಹಾಕಿ ಅಂತ ಹೇಳುವುದು, ಬರೀ ಕೈ ಕಪ್ಪಾಗ್ತದೆ ಅಂತ ಅಲ್ಲ.

ಕಾನೂನು ಪ್ರಕಾರ ಸಹ ಇದು ಕಸ ಅಲ್ಲ, ಅಪಾಯಕಾರಿ ತ್ಯಾಜ್ಯ, 2016ರ ನಿಯಮದಲ್ಲಿ ಉಂಟು. ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವವರೇ ಇದನ್ನು ಮರುಶುದ್ಧಿ ಮಾಡ್ಬೇಕು. ಆಯಿಲ್ ತಯಾರಿಸುವ ಕಂಪನಿಗಳೇ ಹಳೆ ಎಣ್ಣೆ ಮರುಬಳಕೆಯ ಜವಾಬ್ದಾರಿ ಹೊರಬೇಕು ಅಂತ 2024ರ ಏಪ್ರಿಲ್‌ನಿಂದ ಜಾರಿಗೆ ಬಂದಿದೆ. ಕಾಗದದಲ್ಲಿ ಎಲ್ಲ ಚಂದ ಉಂಟು, ಆದ್ರೆ ಮನೆಯಲ್ಲಿ ಮೂರು ಲೀಟರ್ ಹಳೆ ಎಣ್ಣೆ ಹಿಡ್ಕೊಂಡು ನಿಂತವ ಎಲ್ಲಿಗೆ ಹೋಗ್ಬೇಕು ಹೇಳಿ? ಹಸಿ ಕಸ ಒಣ ಕಸದ ಗಾಡಿಯವ ತಕೊಳ್ಳುದಿಲ್ಲ. ಇರುವ ದಾರಿ ಒಂದೇ, ಡಬ್ಬದಲ್ಲಿ ಮುಚ್ಚಿ ಗ್ಯಾರೇಜಿಗೆ ಕೊಂಡುಹೋಗಿ ಅವರ ಬ್ಯಾರೆಲ್ಲಿಗೆ ಹೊಯ್ಯುವುದು, ಅವರದ್ದು ಒಟ್ಟಾದ ಮೇಲೆ ಕೊಳ್ಳುವವರು ಬಂದು ತಕೊಂಡು ಹೋಗ್ತಾರೆ. ಹೇಗೂ ಗ್ಯಾರೇಜಿಗೆ ಹೋಗ್ಲಿಕ್ಕೇ ಉಂಟು ಅಂತಾದ್ರೆ ಕಾರನ್ನೇ ಕೊಂಡುಹೋದ್ರೆ ಆಯ್ತಲ್ಲ!


ನವಲಗುಂದ_ಬೊಲೆರೊ:

ಬಾವಿ ಮಾತು ಖರೆ ಐತ್ರಿ. ನಮ್ಮದು ಎರಿ ಭೂಮಿ, ನೀರೂ ದೂರ, ಅದಕ್ಕ ನಾವು ಆ ಕಡೆ ಲಕ್ಷ್ಯ ಕೊಟ್ಟಿಲ್ಲ. ಆದ್ರೂ ಗೂಟಕ್ಕ ಹಚ್ಚೂದು ಬಿಡ್ತೀವಿ ಅಂತ ಈಗ ಹೇಳಾಕ ಆಗಂಗಿಲ್ಲ, ಗೆದ್ದಲಿ ನಿಮಗ ಗೊತ್ತಿಲ್ಲ 🙂


ಡಲ್ಲಾಸ್_ಕನ್ನಡಿಗ:

ಇಲ್ಲಿ ಅಮೆರಿಕದಲ್ಲಿ ಕೂತು ಒಂದು ಮಾತು ಸೇರಿಸ್ತೀನಿ. ನಿಮ್ಮ ಫ್ರೆಂಡ್ ನೋಡ್ತಿರೋ ಯೂಟ್ಯೂಬ್ ವಿಡಿಯೋಗಳಲ್ಲಿ ಮುಕ್ಕಾಲು ಪಾಲು ಇಲ್ಲಿಯವು ಅನ್ಸುತ್ತೆ, ಇಲ್ಲಿಯ ಲೆಕ್ಕನೇ ಬೇರೆ. ನನ್ನ ಕ್ಯಾಮ್ರಿ 2.5 ಎಂಜಿನ್ನಿಗೆ 4.8 ಕ್ವಾರ್ಟ್ (ಸುಮಾರು ನಾಲ್ಕೂವರೆ ಲೀಟರ್) 0ಡಬ್ಲ್ಯೂ-16 ಹಿಡಿಯುತ್ತೆ, ಐದು ಕ್ವಾರ್ಟ್ ಜಗ್ ಮತ್ತೆ ಫಿಲ್ಟರ್ ಸೇರಿ ಮೂವತ್ತು ಮೂವತ್ತೈದು ಡಾಲರ್, ಅದೇ ಅಂಗಡಿಗೆ ಕೊಟ್ರೆ ಕೂಪನ್ ಇಲ್ದೆ ಎಂಬತ್ತು ತೊಂಬತ್ತು. ಮನುಷ್ಯನ ಕೂಲಿ ಇಲ್ಲಿ ದುಬಾರಿ, ಸಾಮಾನು ಅಗ್ಗ, ಅದಕ್ಕೇ ಇಲ್ಲಿ ಜನ ಕೆಳಗೆ ಮಲಗ್ತಾರೆ. ನಿಮ್ಮಲ್ಲಿ ಉಲ್ಟಾ, ಆಯಿಲೇ ದುಬಾರಿ, ಕೈಕೆಲ್ಸ ನಾನೂರು. ನೀವು ಹೋರಾಡ್ಬೇಕಾಗಿರೋದು ಆ ನಾನೂರರ ಜೊತೆ ಅಲ್ಲ, ಬಿಲ್ಲಲ್ಲಿ ಸೇರ್ಸಿರೋ ಬಾಕಿ ಐಟಂಗಳ ಜೊತೆ.

ಹಳೆ ಆಯಿಲ್ ವಿಷ್ಯದಲ್ಲಿ ಇಲ್ಲಿ ಸುಲಭ, ಆಟೋಜೋನ್ ಥರದ ಸ್ಪೇರ್ ಪಾರ್ಟ್ಸ್ ಅಂಗಡಿಗಳೇ ಫ್ರೀಯಾಗಿ ತಗೊಳ್ತಾರೆ. ಒಂದು ಆಯಿಲ್ ಚೇಂಜಿನ ಹಳೆ ಎಣ್ಣೆ ಹತ್ತು ಲಕ್ಷ ಗ್ಯಾಲನ್ ಸಿಹಿನೀರನ್ನ ಕೆಡಿಸಬಲ್ಲದು ಅಂತ ಇಲ್ಲಿನ ಸರ್ಕಾರಿ ಪರಿಸರ ಸಂಸ್ಥೆ ಇಪಿಎ ಹೇಳುತ್ತೆ, ಉಡುಪಿಯವರ ಬಾವಿ ಕಥೆ ಓದಿ ನೆನಪಾಯ್ತು. ಹಾಗಂತ ಇಲ್ಲೂ ಎಲ್ರೂ ಮಾಡೋ ಹಾಗಿಲ್ಲ, ಸುಮಾರು ಅಪಾರ್ಟ್‌ಮೆಂಟ್‌ಗಳ ಲೀಸಲ್ಲೇ ಪಾರ್ಕಿಂಗ್ ಲಾಟಲ್ಲಿ ಗಾಡಿ ರಿಪೇರಿ ಮಾಡ್ಬಾರ್ದು ಅಂತ ಬರ್ದಿರುತ್ತೆ, ಸ್ವಂತ ಗರಾಜ್ ಇರೋ ಮನೆ ಬರೋವರೆಗೂ ನಾನೂ ಅಂಗಡಿಗೇ ಹೋಗ್ತಿದ್ದೆ.


ಹೊಸ_ಗಾಡಿ_ಹಾಸನ:

ಮಧ್ಯ ಬಾಯಿ ಹಾಕ್ತಿದೀನಿ ಕ್ಷಮಿಸಿ. ನಂದು ಹೊಸ ಕಾರು, ಇನ್ನೂ ಒಂದ್ ವರ್ಷ ಆಗಿಲ್ಲ. ನಾನು ಹೊರಗೆ ಆಯಿಲ್ ಚೇಂಜ್ ಮಾಡ್ಸಿದ್ರೆ ವಾರಂಟಿ ಪೂರ್ತಿ ಹೋಗುತ್ತೆ ಅಂತ ಶೋರೂಮಲ್ಲಿ ಹೆದರಿಸ್ತಾರೆ, ನಿಜನಾ?


ಹಳೇ_ಅಡ್ವೈಸರ್:

ಪೂರ್ತಿ ನಿಜ ಅಲ್ಲ, ಪೂರ್ತಿ ಸುಳ್ಳೂ ಅಲ್ಲ. 2014ರ ಆಗಸ್ಟಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರ್ ಕಂಪನಿಗಳ ಮೇಲೆ ಒಂದು ದೊಡ್ಡ ಆದೇಶ ಕೊಡ್ತು, 2,544 ಕೋಟಿ ಚಿಲ್ಲರೆ ದಂಡ ಹಾಕಿ ಸುದ್ದಿ ಆಗಿತ್ತಲ್ಲ ಅದೇ. ಹೊರಗಿನ ಮೆಕ್ಯಾನಿಕ್ ಹತ್ರ ಹೋದ್ರೆ ಸಾರಾಸಗಟಾಗಿ ವಾರಂಟಿ ರದ್ದು ಅನ್ನೋ ಷರತ್ತು ಹಾಕೋ ಹಾಗಿಲ್ಲ, ಹೊರಗಿನ ಕೆಲ್ಸ ಸರಿ ಇಲ್ದೇ ಹಾಳಾಗಿದ್ರೆ ಅಷ್ಟರ ಮಟ್ಟಿಗೆ ಮಾತ್ರ ರದ್ದು ಮಾಡ್ಬಹುದು ಅಂತ ಅದರಲ್ಲಿ ಇತ್ತು. ಕಂಪನಿಗಳು ಮೇಲ್ಮನವಿ ಹೋದ್ವು, ಕೋರ್ಟು ಕಚೇರಿ ವರ್ಷಗಟ್ಟಲೆ ನಡೀತು.

ಅದೆಲ್ಲ ಸರಿ. ಆದ್ರೆ ನಾಳೆ ನಿಮ್ಮ ಎಂಜಿನ್ ಸೀಜ್ ಆಗಿ ಕ್ಲೇಮಿಗೆ ಹೋದ್ರೆ ಅವರು ಮೊದಲು ಕೇಳೋದೇ ಸರ್ವೀಸ್ ಹಿಸ್ಟರಿ. ಆಗ ನೀವು ಆದೇಶದ ಪ್ರಿಂಟ್ ಹಿಡ್ಕೊಂಡು ಗ್ರಾಹಕ ಆಯೋಗಕ್ಕೆ ಅಲೀಬೇಕು. ವಾರಂಟಿ ಇರೋವರೆಗೂ ಅವರ ಹತ್ರನೇ ಮಾಡ್ಸಿ, ಮೊದಲ ಕೆಲವು ಸರ್ವೀಸಿಗೆ ಲೇಬರ್ ಹೇಗೂ ಫ್ರೀ ಇರುತ್ತೆ, ಬೇಡದ ಐಟಂ ಹೊಡೆದು ಹಾಕ್ಸಿ ಅಷ್ಟೇ.

ಟರ್ಬೊ ಪೆಟ್ರೋಲ್ ಅಥವಾ ಬಿಎಸ್6 ಡೀಸೆಲ್ ಇಟ್ಕೊಂಡಿರೋರಂತೂ ಆಯಿಲ್ ಗ್ರೇಡಲ್ಲಿ ಹುಷಾರಾಗಿರಿ. ಡಿಪಿಎಫ್ (ಹೊಗೆಯ ಮಸಿ ಹಿಡಿಯೋ ಫಿಲ್ಟರ್) ಇರೋ ಡೀಸೆಲ್ಲಿಗೆ ಬೂದಿ ಕಮ್ಮಿ ಬಿಡೋ ಆಯಿಲೇ ಬೇಕು, ಡಬ್ಬದ ಹಿಂದೆ ಎಸಿಇಎ ಸಿ2, ಸಿ3 ಅಂತ ಏನೋ ಇರುತ್ತೆ, ಮ್ಯಾನುಯಲಲ್ಲಿ ಯಾವ್ದು ಹೇಳಿದಾರೋ ಅದೇ ಹಾಕ್ಸಿ. ಬೇರೆ ಹಾಕಿದ್ರೆ ಆ ಬೂದಿ ಹೋಗಿ ಫಿಲ್ಟರಲ್ಲಿ ಕಟ್ಕೊಳುತ್ತೆ, ಡಿಪಿಎಫ್ ಬೆಲೆ ಕೇಳಿದ್ರೆ ತಲೆ ತಿರುಗುತ್ತೆ.


ಕತ್ರಿಗುಪ್ಪೆ_ಸ್ವಿಫ್ಟ್:

ಎಲ್ರಿಗೂ ಥ್ಯಾಂಕ್ಸ್, ಇಷ್ಟೊಂದ್ ಜನ ಬರೀತೀರ ಅನ್ಕೊಂಡಿರ್ಲಿಲ್ಲ. ಮನೇಲಿ ಮಾಡೋ ಐಡಿಯಾ ಬಿಟ್ಟೆ, ಮಾವನವರಿಗೆ ಖುಷಿ. ಹೊಸಕೆರೆಹಳ್ಳಿ ಕಡೆ ಲಿಫ್ಟ್ ಇರೋ ಸಣ್ಣ ಗ್ಯಾರೇಜ್ ಒಂದಿದೆ, ಹೋಗಿ ಮಾತಾಡ್ದೆ, ಆಯಿಲ್ ನೀವೇ ತನ್ನಿ ನಾನೂರು ಕೊಡಿ ಅಂದ್ರು, ಬ್ರೇಕ್ ಪ್ಯಾಡ್ ಬಿಚ್ಚಿ ತೋರಿಸ್ತೀನಿ ಅಂತನೂ ಹೇಳಿದ್ರು. ಇನ್ನೆರಡು ಡೌಟು. ಆಯಿಲ್ ಅಂಗಡಿಯವನು ಗಾಡಿ ಹಳೇದಾಗಿದೆ ಅಲ್ವಾ ಸರ್ 20ಡಬ್ಲ್ಯೂ-50 ಹಾಕಿ ಎಂಜಿನ್ ಸ್ಮೂತಾಗುತ್ತೆ ಅಂತಾನೆ, ಹಾಕ್ಲಾ? ಮತ್ತೆ 3 ಲೀಟರ್ ಡಬ್ಬ ಸ್ವಲ್ಪ ಅಗ್ಗ ಇದೆ, 3.1ಕ್ಕೆ ಅದೇ ಸಾಕಾಗಲ್ವಾ?


ಟೂಲ್‌ಬಾಕ್ಸ್_ಮೈಸೂರು:

20ಡಬ್ಲ್ಯೂ-50 ಬೇಡವೇ ಬೇಡ, ಅವನ ಹತ್ರ ಸ್ಟಾಕ್ ಜಾಸ್ತಿ ಇರ್ಬೇಕು. ಅಷ್ಟು ಗಟ್ಟಿ ಆಯಿಲ್ ಬೆಳಗ್ಗೆ ತಣ್ಣಗಿರೋ ಎಂಜಿನ್ನಲ್ಲಿ ಮೇಲಿನವರೆಗೂ ಹತ್ತೋಕೆ ಹೊತ್ತು ಹಿಡಿಯುತ್ತೆ, ಸವೆತ ಜಾಸ್ತಿ ಆಗೋದೇ ಆ ಮೊದಲ ಕೆಲವು ಸೆಕೆಂಡಲ್ಲಿ, ಮೈಲೇಜೂ ಇಳಿಯುತ್ತೆ. ಸ್ಮೂತ್ ಅನ್ಸೋದು ಸೌಂಡ್ ಸ್ವಲ್ಪ ಅಡಗೋದಕ್ಕೆ ಅಷ್ಟೇ. ಮ್ಯಾನುಯಲಲ್ಲಿ ಏನು ಗ್ರೇಡ್ ಕೊಟ್ಟಿದಾರೋ ಅದನ್ನ ಹಾಕಿ, ಆ ವರ್ಷದ ಗಾಡಿಗಳಿಗೆ ಸಾಮಾನ್ಯವಾಗಿ 5ಡಬ್ಲ್ಯೂ-30 ಹಾಕ್ತಾರೆ. ಡಬ್ಬದ ಮೇಲೆ ಎಪಿಐ ಎಸ್‌ಎನ್ ಅಥವಾ ಎಸ್‌ಪಿ ಅಂತ ಗುಣಮಟ್ಟದ ಗುರುತು ಇದ್ರೆ ಸಾಕು, ಎಸ್‌ಪಿ 2020ರಲ್ಲಿ ಬಂದಿದ್ದು, ಹಿಂದಿನದಕ್ಕೂ ನಡೆಯುತ್ತೆ.

ಡಬ್ಬ ಮೂರೂವರೆದೇ ತಗೊಳಿ. ಹಳೆ ಆಯಿಲ್ ನೂರಕ್ಕೆ ನೂರು ಇಳಿಯಲ್ಲ, ಅದಕ್ಕೆ ಮೊದಲು ಎರಡೂಮುಕ್ಕಾಲು ಲೀಟರ್ ಹುಯ್ಸಿ, ಎಂಜಿನ್ ಒಂದೆರಡು ನಿಮಿಷ ಓಡ್ಸಿ, ಆಯಿಲ್ ಲೈಟ್ ಆರಿದ್ದು ನೋಡ್ಕೊಂಡು ಆಫ್ ಮಾಡ್ಸಿ. ಗಾಡಿ ನೆಲಕ್ಕೆ ಇಳಿಸಿದ ಮೇಲೆ ಐದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ಎಳೆದು ಒರೆಸಿ ಮತ್ತೆ ಹಾಕಿ ನೋಡಿ. ಲಿಫ್ಟ್ ಮೇಲೆ ಇದ್ದಾಗ ನೋಡ್ಬೇಡಿ. ಎರಡು ಗುರುತಿನ ಮಧ್ಯಕ್ಕಿಂತ ಮೇಲೆ, ಮೇಲಿನ ಗುರುತು ದಾಟಬಾರ್ದು, ಸ್ವಲ್ಪ ಸ್ವಲ್ಪನೇ ಸೇರಿಸ್ತಾ ಹೋಗಿ. ಹುಡುಗರು ಡಬ್ಬ ಪೂರ್ತಿ ಬಗ್ಗಿಸಿಬಿಡ್ತಾರೆ, ಜಾಸ್ತಿ ಆದ್ರೆ ಕ್ರ್ಯಾಂಕ್ ಎಣ್ಣೆ ಕಡೆದು ನೊರೆ ಬರುತ್ತೆ, ನೊರೆ ಎಣ್ಣೆ ಪ್ರೆಷರ್ ಹಿಡಿಯಲ್ಲ. ಉಳಿದ ಅರ್ಧ ಲೀಟರ್ ಡಿಕ್ಕಿಯಲ್ಲಿ ಇಟ್ಕೊಳಿ, ಟಾಪ್ ಅಪ್ಪಿಗೆ ಬೇಕಾಗುತ್ತೆ. ಆಯಿಲ್ ಬಿಲ್ಲು, ಮೀಟರ್ ರೀಡಿಂಗ್ ಫೋಟೋ ಎರಡೂ ಫೋನಲ್ಲಿ ಒಂದೇ ಕಡೆ ಇಟ್ಟಿರಿ, ಮಾರೋವಾಗ ಕೇಳ್ತಾರೆ. ಮಾರನೇ ದಿನ ಬೆಳಗ್ಗೆ ಗಾಡಿ ತೆಗೆದ ಮೇಲೆ ಪಾರ್ಕಿಂಗ್ ನೆಲ ಒಂದ್ ಸಲ ನೋಡಿ, ತೊಟ್ಟು ಬಿದ್ದಿದ್ರೆ ಅವತ್ತೇ ವಾಪಸ್ ಹೋಗಿ ಬೋಲ್ಟು ಫಿಲ್ಟರು ಚೆಕ್ ಮಾಡ್ಸಿ.


ಕತ್ರಿಗುಪ್ಪೆ_ಸ್ವಿಫ್ಟ್:

ಸರಿ ಸರ್, ಮೂರೂವರೆ ಡಬ್ಬ ಆರ್ಡರ್ ಹಾಕ್ದೆ. ಶನಿವಾರ ಹೋಗ್ತೀನಿ, ಲೋವರ್ ಆರ್ಮ್ ಬುಷ್ಷು ಬೂಟು ಎಲ್ಲಾ ಹೇಗಿದೆ ಅಂತ ಕೆಳಗಿಂದ ಫೋಟೋ ತೆಗೆದು ಇಲ್ಲೇ ಹಾಕ್ತೀನಿ, ಹಳೇ ಅಡ್ವೈಸರ್ ಅವರು ಒಂಚೂರು ನೋಡಿ ಹೇಳ್ಬೇಕು.